ಫೀಲ್ಡ್‌ವರ್ಕ್ ಶುರು ಮಾಡುವವರಿಗೆ: ಪರಿಸರ ಅಧ್ಯಯನದ ಕ್ಷೇತ್ರ ವಿಧಾನಗಳು, ಹಂತ ಹಂತವಾಗಿ

ಹೊಸದಾಗಿ ಫೀಲ್ಡ್‌ವರ್ಕ್‌ಗೆ ಹೊರಡುವವರು ಮೊದಲು ಕೇಳುವುದು ಉಪಕರಣದ ಬಗ್ಗೆ. ಯಾವ ಮೀಟರ್ ತಗೊಳ್ಳಲಿ, ಯಾವ ಆ್ಯಪ್ ಹಾಕಿಕೊಳ್ಳಲಿ ಅಂತ. ನಾನು ನೋಡಿದ ಮಟ್ಟಿಗೆ ಉಪಕರಣ ಸರಿಯಿಲ್ಲದೆ ಹಾಳಾದ ಅಧ್ಯಯನಗಳು ಕಡಿಮೆ. ಎಲ್ಲಿ ನಿಂತು ಅಳೆಯಬೇಕು ಅಂತ ಯೋಚಿಸದೆ ಹಾಳಾದವು ಜಾಸ್ತಿ. ಅಳೆದದ್ದನ್ನು ಅಲ್ಲೇ ಬರೆಯದೆ ಹಾಳಾದವು ಅದಕ್ಕಿಂತಲೂ ಜಾಸ್ತಿ. ಹಾಗಾಗಿ ಇಲ್ಲಿ ಆ ಎರಡು ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಸಣ್ಣ ಹೊಳೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಧ್ಯದಲ್ಲಿ ಎಲ್ಲೋ ಒಂದು ಚರಂಡಿ ಬಂದು ಅದಕ್ಕೆ ಸೇರುತ್ತದೆ.

1. ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

"ಈ ಹೊಳೆ ಹಾಳಾಗಿದೆಯೇ?" ಅನ್ನುವ ಪ್ರಶ್ನೆ ಹಿಡಿದುಕೊಂಡು ಹೋದರೆ ದಡದಲ್ಲಿ ನಿಂತಾಗ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಅದನ್ನೇ ಹೀಗೆ ಕೇಳಿ: "ಚರಂಡಿ ಸೇರುವ ಜಾಗಕ್ಕಿಂತ ಮೇಲೆ ಮತ್ತು ಕೆಳಗೆ ನೀರಲ್ಲಿ ಕರಗಿದ ಆಮ್ಲಜನಕದಲ್ಲಿ ವ್ಯತ್ಯಾಸ ಇದೆಯೇ?" ಈಗ ಏನನ್ನು ಅಳೆಯಬೇಕು, ಎಲ್ಲಿ, ಯಾವುದಕ್ಕೆ ಹೋಲಿಸಬೇಕು, ಮೂರೂ ಸಿಕ್ಕಿತು ಅಲ್ವಾ?

ಪ್ರಶ್ನೆ ಹದಕ್ಕೆ ಬಂದಿದೆಯೋ ಇಲ್ಲವೋ ನೋಡಲು ಒಂದು ಸುಲಭ ದಾರಿ ಇದೆ. ಮನೆಯಲ್ಲೇ ಕೂತು ಖಾಲಿ ಟೇಬಲ್ ಬರೆಯಿರಿ. ಅದರಲ್ಲಿ ಮನಸ್ಸಿಗೆ ಬಂದ ಸಂಖ್ಯೆಗಳನ್ನು ತುಂಬಿ, ಅವುಗಳಿಂದ ಯಾವ ಗ್ರಾಫ್ ಬಿಡಿಸುತ್ತೀರಿ ಅಂತ ನೋಡಿ. ಗ್ರಾಫ್ ಬಿಡಿಸಲು ಆಗದಿದ್ದರೆ ಪ್ರಶ್ನೆ ಇನ್ನೂ ಹಸಿ. ಹಾಗೇ, ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ತಪ್ಪು ಅಂತ ಒಪ್ಪಿಕೊಳ್ಳುತ್ತೀರಿ ಅನ್ನುವುದನ್ನೂ ಮೊದಲೇ ಬರೆದಿಡಿ. ಸಂಖ್ಯೆಗಳು ಕೈಗೆ ಬಂದ ಮೇಲೆ ಮನಸ್ಸು ತನಗೆ ಬೇಕಾದ ಹಾಗೆ ಅರ್ಥ ಹಚ್ಚುತ್ತದೆ. ಆ ಟೇಬಲ್ ಪರಿಶೀಲಿಸಿದ ಮೇಲೆ ಹರಿದು ಹಾಕಿ, ಊಹೆಯ ಸಂಖ್ಯೆಗಳು ನಿಜವಾದ ಫೈಲಿನೊಳಗೆ ಸೇರಬಾರದು.

2. ಅಳೆಯುವ ಮೊದಲು ಸುಮ್ನೆ ಒಂದು ಸಲ ಹೋಗಿ ಬನ್ನಿ

ಮೊದಲ ಭೇಟಿಗೆ ಮೀಟರ್ ಬೇಡ. ಹೊಳೆಯ ಉದ್ದಕ್ಕೂ ನಡೆಯಿರಿ, ಕೈಯಲ್ಲೇ ಒಂದು ನಕ್ಷೆ ಬರೆಯಿರಿ. ಎಲ್ಲಿ ಇಳಿಯಬಹುದು, ಎಲ್ಲಿ ಆಳ, ಎಲ್ಲಿ ನೆರಳು, ಎಲ್ಲಿ ಬೇರೆ ತೊರೆ ಸೇರುತ್ತದೆ ಅಂತ ಗುರುತು ಮಾಡಿ. ಜಾಗ ಯಾರದ್ದು, ಯಾರ ಅನುಮತಿ ಬೇಕು ಅನ್ನುವುದನ್ನು ಈಗಲೇ ವಿಚಾರಿಸಿ. ಸಂರಕ್ಷಿತ ಪ್ರದೇಶವಾದರೆ ಪ್ರವೇಶಕ್ಕೆ ಒಂದು ಅನುಮತಿ, ಮಾದರಿ ತೆಗೆದುಕೊಂಡು ಹೋಗಲು ಇನ್ನೊಂದು ಅನುಮತಿ ಬೇಕಾಗಬಹುದು. ಇದಕ್ಕೆ ಎಷ್ಟೋ ವಾರ ಹಿಡಿಯುವುದುಂಟು.

ಹತ್ತಿರ ವಾಸ ಮಾಡುವವರ ಹತ್ತಿರ ಮಾತಾಡಿ. ನೀರಿನ ಬಣ್ಣ ಯಾವ ಹೊತ್ತಿಗೆ ಬದಲಾಗುತ್ತದೆ, ಕಳೆದ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಮೀನು ಎಲ್ಲಿ ಸಿಗುತ್ತಿತ್ತು, ಈಗ ಎಲ್ಲಿ ಸಿಗುವುದಿಲ್ಲ, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಹೆಸರು ಬರೆಯುವ ಮೊದಲು ಕೇಳಿ.

3. ಎಲ್ಲಿ ನಿಲ್ಲಬೇಕು? ಇಲ್ಲೇ ಅರ್ಧ ಕೆಲಸ ಗೆಲ್ಲುವುದು ಅಥವಾ ಸೋಲುವುದು

ಇಡೀ ಹೊಳೆಯನ್ನು, ಇಡೀ ಹುಲ್ಲುಗಾವಲನ್ನು ಅಳೆಯಲು ಆಗುವುದಿಲ್ಲ. ಕೆಲವು ಜಾಗ ಆರಿಸಿಕೊಂಡು ಅವು ಉಳಿದದ್ದರ ಪರವಾಗಿ ಮಾತಾಡಲಿ ಅಂತ ಬಯಸುತ್ತೇವೆ. ತೊಂದರೆ ಏನೆಂದರೆ ನಮ್ಮ ಕಾಲು ಸುಲಭದ ಕಡೆಗೇ ಹೋಗುತ್ತದೆ. ದಾರಿಯ ಪಕ್ಕ, ಮುಳ್ಳಿಲ್ಲದ ಕಡೆ, ಹೂವು ಬಿಟ್ಟಿರುವ ಕಡೆ. ಗಿಡ ಎಣಿಸಲು ನೆಲದ ಮೇಲೆ ಇಡುವ ಚೌಕಟ್ಟನ್ನು ಬೆನ್ನ ಹಿಂದಕ್ಕೆ ಎಸೆದರೆ ಯಾದೃಚ್ಛಿಕ ಆಯ್ಕೆ ಆಯಿತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆಗುವುದಿಲ್ಲ. ಎಸೆಯಲು ಎಲ್ಲಿ ನಿಂತುಕೊಂಡಿರಿ ಅನ್ನುವುದು ನಿಮ್ಮದೇ ಆಯ್ಕೆಯಾಗಿತ್ತು.

ಸರಿಯಾಗಿ ಮಾಡಲು ಜಾಗದ ಮೇಲೆ ಚೌಕಗಳ ಜಾಲ ಎಳೆದು, ಪ್ರತಿ ಚೌಕಕ್ಕೂ ಸಂಖ್ಯೆ ಕೊಟ್ಟು, ಚೀಟಿ ಎತ್ತಿ ಅಥವಾ ಫೋನಿನಲ್ಲಿ ರ‍್ಯಾಂಡಮ್ ಸಂಖ್ಯೆ ತೆಗೆದು ಆರಿಸಿ. ಇದನ್ನು ಮನೆಯಲ್ಲೇ ಮಾಡಿ ಮುಗಿಸಿ, ಜಾಗ ನೋಡಿದ ಮೇಲೆ ಅಲ್ಲ. ಚೀಟಿಯಲ್ಲಿ ಬಂದ ಜಾಗ ಮುಳ್ಳು ಪೊದೆಯ ಒಳಗಿದ್ದರೂ ಅಲ್ಲಿಗೇ ಹೋಗಬೇಕು. ನಿಜಕ್ಕೂ ಅಪಾಯ ಇದ್ದರೆ ಬಿಡಿ, ಆದರೆ ಬಿಟ್ಟ ಕಾರಣ ಬರೆಯಿರಿ.

ಜಾಗ ಒಂದೇ ತರ ಇಲ್ಲದಿದ್ದರೆ, ಅರ್ಧ ಕಾಡು ಅರ್ಧ ಬಯಲು ಅಂತಿದ್ದರೆ, ಮೊದಲು ಆ ಭಾಗಗಳನ್ನು ಬೇರೆ ಮಾಡಿ ಪ್ರತಿಯೊಂದರ ಒಳಗೆ ಚೀಟಿ ಎತ್ತಿ. ಇಲ್ಲದಿದ್ದರೆ ಚೀಟಿಗಳೆಲ್ಲ ಬಯಲಿನ ಕಡೆಗೇ ಬಿದ್ದು ಕಾಡು ತಪ್ಪಿಹೋಗಬಹುದು. ಪ್ರತಿ 10 ಮೀಟರ್‌ಗೆ ಒಂದು ಅಂತ ಸಮ ಅಂತರದಲ್ಲಿ ತೆಗೆಯುವುದೂ ಒಳ್ಳೆಯದೇ, ಕೆಲಸ ಬೇಗ ಆಗುತ್ತದೆ. ಆದರೆ ನೆಟ್ಟ ತೋಪಿನಲ್ಲಿ ಮರಗಳೂ ಸಾಲಾಗಿ ಸಮ ಅಂತರದಲ್ಲೇ ಇರುತ್ತವೆ. ನಿಮ್ಮ ಅಂತರ ಅವುಗಳ ಅಂತರಕ್ಕೆ ಕೂಡಿಬಂದರೆ ಪ್ರತಿ ಸಲವೂ ನೆರಳೇ ಸಿಗುತ್ತದೆ.

ಇನ್ನೊಂದು ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚರಂಡಿಯ ಕೆಳಗೆ ಒಂದೇ ಜಾಗದಲ್ಲಿ ಐದು ಬಾಟಲಿ ತುಂಬಿದರೆ ನಿಮ್ಮ ಹತ್ತಿರ ಐದು ಮಾದರಿ ಇಲ್ಲ, ಒಂದೇ ಜಾಗವನ್ನು ಐದು ಸಲ ಅಳೆದಿದ್ದೀರಿ. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಅನ್ನುವ ಪರಿಸರ ವಿಜ್ಞಾನಿ ಇದಕ್ಕೆ ಸ್ಯೂಡೋರೆಪ್ಲಿಕೇಶನ್ ಅಂತ ಹೆಸರು ಕೊಟ್ಟರು. ಪ್ರಕಟವಾದ ಅಧ್ಯಯನಗಳಲ್ಲೇ ಈ ತಪ್ಪು ಎಷ್ಟು ಸಾಮಾನ್ಯ ಅಂತ ತೋರಿಸಿದರು. ನಮ್ಮ ಹೊಳೆಯಲ್ಲಿ ಇದರಿಂದ ಪಾರಾಗಲು ಮೇಲೆ ಮೂರ್ನಾಲ್ಕು ಜಾಗ, ಕೆಳಗೆ ಮೂರ್ನಾಲ್ಕು ಜಾಗ ತೆಗೆದುಕೊಳ್ಳಿ. ಅದೂ ಸಾಲದು. ಯಾವ ಹೊಳೆಯಾದರೂ ಕೆಳಕ್ಕೆ ಹರಿದಂತೆ ತಾನಾಗಿಯೇ ಬದಲಾಗುತ್ತದೆ, ಅದನ್ನು ಚರಂಡಿಯ ತಲೆಗೆ ಕಟ್ಟಬಾರದು. ಹಾಗಾಗಿ ಸಾಧ್ಯವಾದರೆ ಚರಂಡಿಯೇ ಇಲ್ಲದ, ಅದೇ ಗಾತ್ರದ ಇನ್ನೊಂದು ಹೊಳೆಯಲ್ಲೂ ಅದೇ ಅಂತರದಲ್ಲಿ ಅಳೆಯಿರಿ. ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

4. ನೀರು

ಬಾಟಲಿ ತುಂಬುವುದು ನೋಡಲು ಸುಲಭ. ಕ್ರಮ ಹೀಗೆ.

ಎಲ್ಲಕ್ಕಿಂತ ಕೆಳಗಿನ ಜಾಗದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿಂದ ಬಂದರೆ ನಿಮ್ಮ ಕಾಲು ಕದಡಿದ ಕೆಸರೇ ಕೆಳಗಿನ ಬಾಟಲಿಗೆ ಬರುತ್ತದೆ. ನೀರಿಗೆ ಇಳಿದ ಮೇಲೆ ಹರಿವು ಬರುವ ಕಡೆಗೆ ಮುಖ ಮಾಡಿ ನಿಂತು, ಕದಡಿದ್ದು ಹರಿದು ಹೋಗುವವರೆಗೆ ಕಾಯಿರಿ. ಅದೇ ಜಾಗದ ನೀರಲ್ಲಿ ಬಾಟಲಿಯನ್ನು ಮೂರು ಸಲ ತೊಳೆಯಿರಿ, ತೊಳೆದ ನೀರನ್ನು ನಿಮ್ಮ ಹಿಂದಕ್ಕೆ ಚೆಲ್ಲಿ. ಲ್ಯಾಬ್‌ನವರು ಬಾಟಲಿಯಲ್ಲಿ ಮೊದಲೇ ರಾಸಾಯನಿಕ ಹಾಕಿ ಕೊಟ್ಟಿದ್ದರೆ, ಅಥವಾ ಬ್ಯಾಕ್ಟೀರಿಯಾ ಪರೀಕ್ಷೆಯ ಶುದ್ಧ ಮಾಡಿದ ಬಾಟಲಿಯಾದರೆ, ತೊಳೆಯಬೇಡಿ. ಬಾಯಿ ಕೆಳಗೆ ಮಾಡಿ ಮುಳುಗಿಸಿ, ಒಳಗೆ ತಿರುಗಿಸಿ ತುಂಬಿಸಿ. ಮೇಲ್ಪದರದ ನೊರೆ ಬರಬಾರದು, ತಳದ ಕೆಸರೂ ಬರಬಾರದು. (ರಾಸಾಯನಿಕ ಹಾಕಿದ ಬಾಟಲಿಯನ್ನು ಹೀಗೆ ಮುಳುಗಿಸಬೇಡಿ, ಬೇರೆ ಶುದ್ಧ ಪಾತ್ರೆಯಿಂದ ಅದಕ್ಕೆ ಸುರಿಯಿರಿ.) ಲ್ಯಾಬ್‌ಗೆ ಹೋಗುವ ಬಾಟಲಿ ತಕ್ಷಣ ಐಸ್ ಪೆಟ್ಟಿಗೆಗೆ.

ಉಷ್ಣತೆ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ), ಕರಗಿದ ಆಮ್ಲಜನಕ, ಈ ಮೂರನ್ನು ಮಾತ್ರ ಲ್ಯಾಬ್‌ಗೆ ಒಯ್ದು ಅಳೆಯುತ್ತೇನೆ ಅನ್ನಬೇಡಿ. ದಾರಿಯಲ್ಲೇ ಬದಲಾಗಿ ಹೋಗುತ್ತವೆ. ಪಿಎಚ್ ಮೀಟರನ್ನು ಅವತ್ತಿನ ಬೆಳಿಗ್ಗೆಯೇ ಬಫರ್ ದ್ರಾವಣದಲ್ಲಿ (ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರುವ ದ್ರಾವಣ) ಸರಿಹೊಂದಿಸಿ, 7ರಲ್ಲಿ ಒಮ್ಮೆ, ಆಮೇಲೆ 4 ಅಥವಾ 10ರಲ್ಲಿ. ಆಮ್ಲಜನಕಕ್ಕೆ ಮೀಟರ್ ಇಲ್ಲದಿದ್ದರೆ ಹಂಗೇರಿಯ ಲಾಯೋಸ್ ವಿಂಕ್ಲರ್ 1888ರಲ್ಲಿ ಕಂಡುಹಿಡಿದ ಟೈಟ್ರೇಶನ್ ವಿಧಾನ (ದ್ರಾವಣವನ್ನು ಹನಿ ಹನಿಯಾಗಿ ಹಾಕಿ ಪ್ರಮಾಣ ಕಂಡುಹಿಡಿಯುವುದು) ಇವತ್ತಿಗೂ ನಡೆಯುತ್ತದೆ. ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದ ಹಾಗೆ ನೋಡಿಕೊಂಡು, ರಾಸಾಯನಿಕವನ್ನು ಅಲ್ಲೇ ಹಾಕಬೇಕು ಅಷ್ಟೇ.

ಆಮ್ಲಜನಕದ ಸಂಖ್ಯೆ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 30 ಡಿಗ್ರಿಗೆ ಹೋದರೆ ಸುಮಾರು 7.6. ಅಂದರೆ ಬಿಸಿಲಿಗೆ ಬಿದ್ದ ಜಾಗದಲ್ಲಿ ಕೊಳೆ ಇಲ್ಲದೆಯೂ ಸಂಖ್ಯೆ ಇಳಿಯಬಹುದು. ಅದಲ್ಲದೆ ನೀರೊಳಗಿನ ಪಾಚಿ, ಗಿಡಗಳು ಹಗಲು ಆಮ್ಲಜನಕ ಬಿಡುತ್ತವೆ, ರಾತ್ರಿ ಎಲ್ಲರೂ ಸೇರಿ ಅದನ್ನು ಬಳಸುತ್ತಾರೆ. ಹಾಗಾಗಿ ಬೆಳಗಿನ ಜಾವ ಅತಿ ಕಡಿಮೆ, ಮಧ್ಯಾಹ್ನದ ಮೇಲೆ ಅತಿ ಹೆಚ್ಚು. ಮೇಲಿನ ಜಾಗವನ್ನು ಬೆಳಿಗ್ಗೆ, ಕೆಳಗಿನದನ್ನು ಮಧ್ಯಾಹ್ನ ಅಳೆದರೆ ನೀವು ಹೋಲಿಸಿದ್ದು ಚರಂಡಿಯನ್ನಲ್ಲ, ಗಡಿಯಾರವನ್ನು. ಎರಡು ತಂಡ ಮಾಡಿ ಒಂದೇ ಹೊತ್ತಿಗೆ ಅಳೆಯಿರಿ. ಒಂದೇ ತಂಡ ಇದ್ದರೆ ಒಂದು ದಿನ ಕೆಳಗಿನಿಂದ, ಇನ್ನೊಂದು ದಿನ ಮೇಲಿನಿಂದ ಶುರು ಮಾಡಿ. ಎರಡನೇ ದಿನ ಪ್ರತಿ ಜಾಗಕ್ಕೂ ದಡದ ಮೇಲೆ ನಡೆದೇ ಹೋಗಿ.

ಹರಿವನ್ನು ಅಳೆಯಲು ಮೀಟರ್ ಬೇಡವೇ ಬೇಡ. ನೇರವಾಗಿ ಹರಿಯುವ 10 ಮೀಟರ್ ಉದ್ದ ಆರಿಸಿ, ಒಂದು ಕಿತ್ತಳೆ ಹಣ್ಣು ಬಿಡಿ. ಅದು ಮುಕ್ಕಾಲು ಮುಳುಗಿ ತೇಲುತ್ತದೆ, ಗಾಳಿ ಅದನ್ನು ತಳ್ಳುವುದು ಕಡಿಮೆ. 10 ಮೀಟರ್ ದಾಟಲು 25 ಸೆಕೆಂಡ್ ಬೇಕಾಯಿತು ಅನ್ನಿ, ವೇಗ ಸೆಕೆಂಡಿಗೆ 0.4 ಮೀಟರ್. ಮೇಲ್ಮೈ ನೀರು ತಳಕ್ಕಿಂತ ಜೋರಾಗಿ ಓಡುವುದರಿಂದ 0.85ರಿಂದ ಗುಣಿಸಿ, 0.34 ಬಂತು. ಅಗಲ 3 ಮೀಟರ್, ಐದಾರು ಕಡೆ ಕೋಲು ಇಳಿಸಿ ನೋಡಿದ ಸರಾಸರಿ ಆಳ 0.4 ಮೀಟರ್ ಆದರೆ ಅಡ್ಡಕೊಯ್ತ 1.2 ಚದರ ಮೀಟರ್. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 0.41 ಘನ ಮೀಟರ್, ಅಂದರೆ 410 ಲೀಟರ್ ಹತ್ತಿರ. ತೇಲಿಸುವುದನ್ನು ಕನಿಷ್ಠ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಇದು ಯಾಕೆ ಬೇಕು ಅಂದರೆ, ಮಳೆ ಬಂದ ಮರುದಿನ ಕೊಳೆಯ ಪ್ರಮಾಣ ಲೀಟರಿಗೆ ಕಡಿಮೆ ಕಾಣಬಹುದು, ಆದರೆ ಒಟ್ಟು ಹರಿದುಹೋದ ಕೊಳೆ ಜಾಸ್ತಿಯೇ ಇರಬಹುದು. ಹರಿವು ಗೊತ್ತಿಲ್ಲದೆ ಅದು ತಿಳಿಯುವುದಿಲ್ಲ.

ಕೆರೆಯಾದರೆ ನೀರು ಎಷ್ಟು ತಿಳಿಯಾಗಿದೆ ಅಂತ ನೋಡಲು ಸೆಕ್ಕಿ ತಟ್ಟೆ ಸಾಕು. ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೋ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಬಳಸಿದ ಉಪಾಯ. ಈಗ ಕೆರೆಗಳಿಗೆ 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪು ತಟ್ಟೆ ಬಳಸುತ್ತಾರೆ. ಇಳಿಸುವಾಗ ಮರೆಯಾದ ಆಳ, ಎಳೆಯುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ.

ನೀರಿನ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಳದ ಹುಳುಗಳನ್ನು ನೋಡುವುದು. ಒಬ್ಬರು ಸಣ್ಣ ಕಣ್ಣಿನ ಬಲೆ ಹಿಡಿದು ನಿಲ್ಲಬೇಕು, ಅದರ ಮೇಲ್ಗಡೆ ಇನ್ನೊಬ್ಬರು ಕಾಲಿನಿಂದ ಕಲ್ಲುಗಳನ್ನು ಕದಡಬೇಕು. ಎಲ್ಲ ಜಾಗದಲ್ಲೂ ಒಂದೇ ಸಮಯ, ಮೂರು ನಿಮಿಷ ಅಂದರೆ ಮೂರೇ ನಿಮಿಷ. ಬಲೆಗೆ ಬಂದದ್ದನ್ನು ಬಿಳಿ ಟ್ರೇಗೆ ಸುರಿದು ಸುಮ್ಮನೆ ಕಾಯಿರಿ. ಮೊದಲು ಎಲೆ ಚೂರು, ಮರಳು ಬಿಟ್ಟು ಏನೂ ಕಾಣುವುದಿಲ್ಲ. ಆಮೇಲೆ ಮರಳಿನ ಒಂದು ಸಣ್ಣ ಕೊಳವೆ ನಡೆಯಲು ಶುರು ಮಾಡುತ್ತದೆ. ಅದು ಕ್ಯಾಡಿಸ್‌ಫ್ಲೈ ಮರಿ, ಮರಳ ಕಾಳುಗಳನ್ನು ತನ್ನದೇ ರೇಷ್ಮೆಯಿಂದ ಹೊಲಿದು ಮನೆ ಕಟ್ಟಿಕೊಂಡಿರುತ್ತದೆ. ಹೊಟ್ಟೆಯ ಎರಡೂ ಪಕ್ಕದಲ್ಲಿ ಕಿವಿರು ಬೀಸುತ್ತಾ, ಸಾಮಾನ್ಯವಾಗಿ ಮೂರು ಬಾಲ ಇರುವುದು ಮೇಫ್ಲೈ ಮರಿ. ಎರಡೇ ಬಾಲ, ಹೊಟ್ಟೆಯ ಪಕ್ಕ ಕಿವಿರಿಲ್ಲ ಅಂದರೆ ಹೆಚ್ಚಾಗಿ ಸ್ಟೋನ್‌ಫ್ಲೈ. ಈ ಮೂರು ಗುಂಪಿನ ಹೆಚ್ಚಿನ ಜಾತಿಗಳಿಗೆ ಆಮ್ಲಜನಕ ತುಂಬಿದ, ಶುಚಿಯಾದ ನೀರು ಬೇಕು. ಬರೀ ಕೆಂಪು ಹುಳುಗಳೇ ತುಂಬಿದ್ದರೆ ಎಚ್ಚರವಾಗಿ. ಅವುಗಳ ಕೆಂಪು ಹಿಮೋಗ್ಲೋಬಿನ್‌ನಿಂದ ಬಂದದ್ದು, ಆಮ್ಲಜನಕ ಕಡಿಮೆ ಇರುವ ಕೆಸರಲ್ಲೂ ಅವು ಬದುಕುತ್ತವೆ. ಬಾಟಲಿಯ ನೀರು ಆ ಕ್ಷಣದ ಕಥೆ ಹೇಳುತ್ತದೆ. ಈ ಮರಿಗಳು ಅಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ, ರಾತ್ರಿ ಯಾರೋ ಬಿಟ್ಟ ಕೊಳೆಯ ಲೆಕ್ಕವೂ ಅವುಗಳಲ್ಲಿ ಉಳಿದಿರುತ್ತದೆ.

5. ಗಿಡ, ಮರ, ಮಣ್ಣು

ಕ್ವಾಡ್ರಾಟ್ ಅಂದರೆ ನೆಲದ ಮೇಲೆ ಇಡುವ ಚೌಕ. ಸಸ್ಯ ವಿಜ್ಞಾನಿಗಳಾದ ರಾಸ್ಕೋ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ 1898ರಲ್ಲಿ ಅಮೆರಿಕದ ನೆಬ್ರಾಸ್ಕಾದ ಹುಲ್ಲುಗಾವಲಿನಲ್ಲಿ ಇದನ್ನು ಬಳಸಲು ಒಂದು ಕಾರಣ ಇತ್ತು. ಕಣ್ಣಂದಾಜಿಗೆ ಜಾಸ್ತಿ ಅನಿಸಿದ ಗಿಡ ಎಣಿಸಿ ನೋಡಿದರೆ ಜಾಸ್ತಿ ಇರಲಿಲ್ಲ. ನಮ್ಮ ಕಣ್ಣು ಎತ್ತರದ, ಬಣ್ಣದ ಗಿಡವನ್ನೇ ಎಣಿಸುತ್ತದೆ. ಹುಲ್ಲು, ಸಣ್ಣ ಗಿಡಕ್ಕೆ 1 ಮೀಟರ್ ಚೌಕ, ಪೊದೆಗೆ 5 ಮೀಟರ್, ಮರಕ್ಕೆ 10 ಮೀಟರ್ ಚೌಕ ಸಾಮಾನ್ಯ. ಗೆರೆಯ ಮೇಲೆ ನಿಂತ ಗಿಡಗಳಿಗೆ ಒಂದು ನಿಯಮ ಮಾಡಿಕೊಳ್ಳಿ: ಎಡ ಮತ್ತು ಮೇಲಿನ ಗೆರೆಯವು ಒಳಗೆ, ಬಲ ಮತ್ತು ಕೆಳಗಿನವು ಹೊರಗೆ. ಎಷ್ಟು ಚೌಕ ಸಾಕು? ಪ್ರತಿ ಚೌಕದಲ್ಲಿ ಹೊಸದಾಗಿ ಸಿಕ್ಕ ಜಾತಿ ಎಷ್ಟು ಅಂತ ಬರೆಯುತ್ತಾ ಹೋಗಿ. ಚೌಕ ಹೆಚ್ಚಿಸಿದರೂ ಹೊಸ ಜಾತಿ ಹೆಚ್ಚು ಕಡಿಮೆ ಸಿಗುತ್ತಿಲ್ಲ ಅಂದಾಗ ಸಾಕು.

ಕಾಡಿನ ಅಂಚಿನಿಂದ ಒಳಕ್ಕೆ ಏನು ಬದಲಾಗುತ್ತದೆ ಅನ್ನುವಂಥ ಪ್ರಶ್ನೆಗೆ ಟ್ರಾನ್ಸೆಕ್ಟ್ ಒಳ್ಳೆಯದು. ಬದಲಾವಣೆ ಆಗುವ ದಿಕ್ಕಿನಲ್ಲೇ ಹಗ್ಗ ಎಳೆದು ಅದರ ಉದ್ದಕ್ಕೂ ನಿಗದಿತ ಅಂತರದಲ್ಲಿ ನೋಡುತ್ತಾ ಹೋಗುವುದು. ಮರದ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯಿರಿ, ಇಳಿಜಾರಾದರೆ ಮೇಲ್ಭಾಗದಲ್ಲಿ ನಿಂತು. 3.14ರಿಂದ ಭಾಗಿಸಿದರೆ ವ್ಯಾಸ.

ಮಣ್ಣಿಗೆ ಸುಲಭದ ಪರೀಕ್ಷೆ ಗಾಜಿನ ಜಾಡಿ. ಮೂರರಲ್ಲೊಂದು ಭಾಗ ಮಣ್ಣು, ಉಳಿದದ್ದು ನೀರು, ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದೊಳಗೆ ಮರಳು ಕೂರುತ್ತದೆ, ಎರಡು ಗಂಟೆಯಲ್ಲಿ ರೇವೆ, ಜೇಡಿಗೆ ಒಂದು ದಿನವೋ ಅದಕ್ಕಿಂತ ಹೆಚ್ಚೋ ಬೇಕು. ಪದರಗಳನ್ನು ಸ್ಕೇಲಿನಲ್ಲಿ ಅಳೆದರೆ ಮಣ್ಣಿನಲ್ಲಿ ಯಾವುದು ಎಷ್ಟಿದೆ ಅನ್ನುವ ಅಂದಾಜು ಸಿಗುತ್ತದೆ.

6. ಪ್ರಾಣಿ, ಪಕ್ಷಿ

ತರಬೇತಿ, ಅನುಮತಿ ಇಲ್ಲದೆ ಯಾವ ಪ್ರಾಣಿಯನ್ನೂ ಹಿಡಿಯಬೇಡಿ. ಪಕ್ಷಿಗಳಿಗೆ ಒಂದೇ ಜಾಗದಲ್ಲಿ ನಿಂತು, ಒಂದೆರಡು ನಿಮಿಷ ಸದ್ದಡಗಲು ಬಿಟ್ಟು, 10 ನಿಮಿಷ ಕಂಡದ್ದನ್ನೂ ಕೇಳಿದ್ದನ್ನೂ ಎಣಿಸುವ ಕ್ರಮ ಸಾಕು. ಗುರುತು ಮಾಡಿ ಬಿಟ್ಟು ಮತ್ತೆ ಹಿಡಿಯುವ ವಿಧಾನದ ಲೆಕ್ಕ ತಿಳಿದಿರಲಿ: 40 ಬಸವನ ಹುಳುಗಳಿಗೆ ಚುಕ್ಕೆ ಇಟ್ಟು ಬಿಟ್ಟಿರಿ, ಆಮೇಲೆ 50 ಸಿಕ್ಕವು, ಅದರಲ್ಲಿ 10ಕ್ಕೆ ಚುಕ್ಕೆ ಇತ್ತು. 40ನ್ನು 50ರಿಂದ ಗುಣಿಸಿ 10ರಿಂದ ಭಾಗಿಸಿ, ಅಲ್ಲಿರುವ ಹುಳುಗಳು ಒಟ್ಟು ಸುಮಾರು 200. ನಡುವೆ ಹೊಸವು ಬಂದಿರಬಾರದು, ಇದ್ದವು ಹೋಗಿರಬಾರದು, ಚುಕ್ಕೆ ಅಳಿಸಿರಬಾರದು.

7. ನೋಟ್‌ಬುಕ್

ಇದರ ಬಗ್ಗೆ ನನಗೆ ಹೇಳಿ ಮುಗಿಯುವುದಿಲ್ಲ. ಒಂದು ಸಲ ಎರಡು ದಿನ ಹೊಳೆಯಲ್ಲಿ ನಿಂತು ಹಿಡಿದ ಹುಳುಗಳನ್ನು ಆಲ್ಕೋಹಾಲ್ ತುಂಬಿದ ಸಣ್ಣ ಶೀಶೆಗಳಲ್ಲಿ ಹಾಕಿ, ಒಳಗೆ ಬಾಲ್ ಪೆನ್ನಿನಲ್ಲಿ ಬರೆದ ಚೀಟಿ ಇಟ್ಟಿದ್ದೆ. ಒಂದು ವಾರ ಬಿಟ್ಟು ತೆಗೆದರೆ ಚೀಟಿಗಳು ಬಿಳಿ, ಆಲ್ಕೋಹಾಲ್ ತಿಳಿ ನೀಲಿ. ಹುಳುಗಳು ಚೆನ್ನಾಗಿಯೇ ಇದ್ದವು, ಯಾವ ಜಾಗದ್ದು ಅಂತ ಹೇಳಲು ಏನೂ ಉಳಿದಿರಲಿಲ್ಲ. ಅಷ್ಟನ್ನೂ ಬಿಡಬೇಕಾಯಿತು. ಸುಮ್ಮನೆ ಕೊಂದಂತಾಯಿತಲ್ಲ ಅನ್ನುವ ಸಂಕಟ ಇವತ್ತಿಗೂ ಇದೆ. ಪೆನ್ಸಿಲ್‌ನಲ್ಲಿ ಬರೆಯಿರಿ. ನೀರಿಗೂ ಆಲ್ಕೋಹಾಲ್‌ಗೂ ಅದು ಅಳಿಸುವುದಿಲ್ಲ.

ಪ್ರತಿ ಪುಟದ ಮೇಲೆ ದಿನಾಂಕ, ಸಮಯ, ಜಾಗ, ಹವಾಮಾನ, ಯಾರು ಅಳೆದರು, ಯಾವ ಉಪಕರಣ ಅಂತ ಇರಲಿ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, 5/6 ಅಂತ ಬರೆದರೆ ಮೇ ತಿಂಗಳೋ ಜೂನೋ ಅಂತ ಆಮೇಲೆ ಗೊತ್ತಾಗುವುದಿಲ್ಲ. ಪ್ರತಿ ಸಂಖ್ಯೆಯ ಪಕ್ಕ ಅಳತೆಯ ಮಾನ (ಮೀಟರ್, ಡಿಗ್ರಿ ಹೀಗೆ) ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಕೆಳಗಿನದು ಓದಲು ಬರಲಿ. ಹುಡುಕಿದಿರಿ, ಸಿಗಲಿಲ್ಲ ಅಂದರೆ 0 ಬರೆಯಿರಿ. ಖಾಲಿ ಬಿಟ್ಟರೆ ನೋಡಲೇ ಇಲ್ಲ ಅಂತ ಅರ್ಥ, ಎರಡಕ್ಕೂ ಅಜಗಜಾಂತರ.

ಜಿಪಿಎಸ್ ಸಂಖ್ಯೆಯನ್ನು ದಶಾಂಶ ಡಿಗ್ರಿಯಲ್ಲಿ ಐದು ಅಂಕಿಯವರೆಗೆ ಬರೆಯಿರಿ, ಐದನೇ ಅಂಕಿ ಅಂದರೆ ನೆಲದ ಮೇಲೆ ಸುಮಾರು 1 ಮೀಟರ್. ಆದರೆ ಫೋನು ಬಯಲಲ್ಲೇ ಕೆಲವು ಮೀಟರ್ ತಪ್ಪುತ್ತದೆ, ದಟ್ಟ ಮರಗಳ ಕೆಳಗೆ ಇನ್ನೂ ಜಾಸ್ತಿ. ಹಾಗಾಗಿ ಮಾತಲ್ಲೂ ಬರೆಯಿರಿ: "ಸೀಳಿದ ದೊಡ್ಡ ಬಂಡೆಯಿಂದ ಹರಿವಿನ ಕಡೆಗೆ ಹನ್ನೆರಡು ಹೆಜ್ಜೆ, ಎಡದಂಡೆ."

ಇಷ್ಟೆಲ್ಲ ಯಾಕೆ? ಅಮೆರಿಕದ ಬರ್ಕ್ಲಿಯಲ್ಲಿದ್ದ ಪ್ರಾಣಿ ವಿಜ್ಞಾನಿ ಜೋಸೆಫ್ ಗ್ರಿನೆಲ್ ಮತ್ತು ಅವರ ಜೊತೆಯವರು 1914ರಿಂದ 1920ರವರೆಗೆ ಯೊಸೆಮಿಟಿಯ ಬೆಟ್ಟಗಳಲ್ಲಿ ಓಡಾಡಿ ಎಲ್ಲಿ ಯಾವ ಪ್ರಾಣಿ ಸಿಕ್ಕಿತು ಅಂತ ದಿನವೂ ಬರೆದಿಟ್ಟರು. ಸುಮಾರು 90 ವರ್ಷದ ಮೇಲೆ ಬೇರೆ ಸಂಶೋಧಕರು ಅದೇ ಪುಟಗಳನ್ನು ಹಿಡಿದು ಅದೇ ಜಾಗಗಳಿಗೆ ಹೋದರು. 2008ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ 28 ಜಾತಿಯ ಸಣ್ಣ ಸಸ್ತನಿಗಳಲ್ಲಿ ಅರ್ಧದಷ್ಟರ ವಾಸದ ಎಲ್ಲೆ ಸರಾಸರಿ 500 ಮೀಟರ್‌ನಷ್ಟು ಮೇಲಕ್ಕೆ ಸರಿದಿತ್ತು. ಬರೆದವರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಎಲ್ಲಿ ನಿಂತಿದ್ದೆವು ಅನ್ನುವುದನ್ನು ಅವರು ಬಿಡದೆ ಬರೆದಿದ್ದರು.

8. ನಿಮ್ಮ ಸುರಕ್ಷತೆ, ಜಾಗದ ಸುರಕ್ಷತೆ

ಒಬ್ಬರೇ ಹೋಗಬೇಡಿ. ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ, ಬರದಿದ್ದರೆ ಯಾವಾಗ ಹುಡುಕಲು ಶುರು ಮಾಡಬೇಕು ಅಂತ ಒಬ್ಬರಿಗೆ ಹೇಳಿ ಹೋಗಿ. ನೀರು ಮೊಣಕಾಲಿಗಿಂತ ಮೇಲೆ ಬಂದು ಜೋರಾಗಿ ಹರಿಯುತ್ತಿದ್ದರೆ ಇಳಿಯಬೇಡಿ. ಮಾದರಿ ಇನ್ನೊಂದು ದಿನ ಸಿಗುತ್ತದೆ. ಎತ್ತಿ ನೋಡಿದ ಕಲ್ಲನ್ನು ಹೇಗಿತ್ತೋ ಹಾಗೇ ಇಡಿ, ಅದು ಯಾರದ್ದೋ ಮನೆ. ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟು, ಬಲೆ ತೊಳೆದು, ಸೋಂಕು ನಿವಾರಕದಲ್ಲಿ ಅದ್ದಿ, ಚೆನ್ನಾಗಿ ಒಣಗಿಸಿ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರದಂಥವು ಒದ್ದೆ ಬೂಟಿನ ಜೊತೆಗೇ ಪ್ರಯಾಣ ಮಾಡಬಲ್ಲವು.

9. ಅವತ್ತೇ ಸಂಜೆ

ಎಷ್ಟೇ ಸುಸ್ತಾಗಿದ್ದರೂ ಪುಟಗಳ ಫೋಟೋ ತೆಗೆದಿಡಿ, ಆಮೇಲೆ ಕಂಪ್ಯೂಟರಿಗೆ ಹಾಕಿ. ಒಂದು ಸಾಲಿಗೆ ಒಂದು ಅಳತೆ, ಒಂದು ಕೋಶಕ್ಕೆ ಒಂದೇ ಮೌಲ್ಯ, ಮಾನ ಮೇಲಿನ ಶೀರ್ಷಿಕೆಯಲ್ಲಿ. ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ನೋಟ್‌ಬುಕ್ ನೋಡಿ ಹೋಲಿಸಿ. ಮೂಲ ಫೈಲನ್ನು ಹಾಗೇ ಇಟ್ಟು ಅದರ ಪ್ರತಿಯಲ್ಲಿ ಲೆಕ್ಕ ಮಾಡಿ. ಸರಾಸರಿ ತೆಗೆಯುವ ಮೊದಲು ಎಲ್ಲ ಸಂಖ್ಯೆಗಳನ್ನೂ ಚುಕ್ಕೆಗಳಾಗಿ ಗ್ರಾಫಿನಲ್ಲಿ ಹಾಕಿ ನೋಡಿ, ದೂರ ನಿಂತ ಒಂದು ಚುಕ್ಕೆ ಬರೆಯುವಾಗಿನ ತಪ್ಪೋ ಅಥವಾ ಹೊಳೆಯಲ್ಲೇ ಏನೋ ನಡೆದಿದೆಯೋ ಅಂತ ಅವತ್ತೇ ನೆನಪಿರುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಆ ಹೊಳೆಗೆ ಯಾವತ್ತೂ ಹೋಗದ ಒಬ್ಬರಿಗೆ ನಿಮ್ಮ ನೋಟ್‌ಬುಕ್ ಕೊಟ್ಟು, ಮೂರನೇ ಜಾಗವನ್ನು ಹುಡುಕಿ ಒಂದು ಫೋಟೋ ತೆಗೆದು ಬನ್ನಿ ಅನ್ನಿ. ಫೋಟೋದಲ್ಲಿ ನಿಮ್ಮ ಸೀಳಿದ ಬಂಡೆ ಇಲ್ಲದಿದ್ದರೆ ನೀವೇ ಇನ್ನೊಮ್ಮೆ ಹೋಗಿ, ಆ ಜಾಗದಲ್ಲಿ ನಿಂತು, ದಾರಿಯನ್ನು ಮೊದಲಿಂದ ಬರೆಯಿರಿ.